ಸೆಲಾ ಎಂಬ ಮಾತಿನ ಅರ್ಥ ಕೇಳಲು ಯೆರೂಸಲೇಮಿಗೆ

ಒಂಟೆಯ ಮೇಲೆ ಕೂತೆಯಾ ಆಯಿ, ಉಪ್ಪಿನ ಸಮುದ್ರದಲ್ಲಿ ತೇಲಿದೆಯಾ ಎಂದು ಮೊಮ್ಮಕ್ಕಳು ನೀವು ಶಾಲೆಯ ಸೂಟಿಗೆ ಬಂದಾಗಲೆಲ್ಲ ಕೇಳುತ್ತೀರಿ. ಒಂಟೆಯ ಮೇಲೆ ಕೂತವಳು ನನ್ನ ತಂಗಿ ಶಾಂತಾ. ಸಮುದ್ರಕ್ಕೆ ನಾನು ಪಾದವನ್ನಷ್ಟೇ ಇಳಿಸಿದೆ. ನಾಲ್ಕು ಜನರ ಎದುರು ಸೀರೆ ಎತ್ತಿಕೊಂಡು ಮುಂದೆ ಹೋಗಲು ನಾಚಿಕೆಯಾಯಿತು. ಇಷ್ಟು ಹೇಳಿ ನಾನು ಒಳಗೆ ಹೋಗಿಬಿಡುತ್ತೇನೆ, ನೀವು ನಗುತ್ತೀರಿ. ಎದುರು ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ಬರೆದರೆ ನನ್ನ ಮುಖ ಯಾರೂ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಅಷ್ಟು ದೂರ ಹೋದದ್ದು ಒಂದೇ ಒಂದು ಶಬ್ದದ ಅರ್ಥ ಕೇಳಲಿಕ್ಕೆ.

ಭೀಮರಾಯನಗುಡಿ

ನಿಮ್ಮ ಮುತ್ಯಾ, ನನ್ನ ಯಜಮಾನರು, ನೀರಾವರಿ ಕ್ಯಾಂಪಿನಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲಿದ್ದರು. ಅದಕ್ಕೂ ಮುಂಚೆ ದೋರನಹಳ್ಳಿಯಲ್ಲಿ ತಮ್ಮ ಅಪ್ಪನ ಜೊತೆ ಬಾವಿ ತೋಡುತ್ತಿದ್ದರು. ಕಾಲುವೆಗೆ ನೀರು ಬಂದ ಮೇಲೆ ಬಾವಿ ತೋಡಿಸುವವರು ಕಡಿಮೆಯಾದರು. ಇವರು ಕಾಲುವೆಯ ಕೆಲಸಕ್ಕೇ ಸೇರಿಕೊಂಡರು. ವಾರವೆಲ್ಲ ಗೇಟು, ಭಾನುವಾರ ಚರ್ಚು. ತಗಡಿನ ಮಾಡಿನ ನಮ್ಮ ಸಣ್ಣ ಚರ್ಚಿನಲ್ಲಿ ಹಾಡು ಹೇಳಿಸುವವರು ಅವರೇ. ಸಂಗೀತ ಕಲಿತವರಲ್ಲ. ಬೈಬಲ್ಲಿನಲ್ಲಿರುವ ದಾವೀದ ರಾಜನ ಕೀರ್ತನೆಗಳನ್ನು ಊರಿನ ಭಜನೆಯ ರಾಗಕ್ಕೆ ಕೂಡಿಸಿದ್ದರು. ಅವರು ಹಾರ್ಮೋನಿಯಂ ಬಾರಿಸುತ್ತ ಅರ್ಧ ಸಾಲು ಎತ್ತುವುದು, ಉಳಿದರ್ಧವನ್ನು ನಾವೆಲ್ಲ ಮುಗಿಸುವುದು.

ಕೀರ್ತನೆಗಳಲ್ಲಿ ಅಲ್ಲಲ್ಲಿ ‘ಸೆಲಾ’ ಎಂದು ಅಚ್ಚಾಗಿರುವುದನ್ನು ನೀವೂ ನೋಡಿದ್ದೀರಿ. ಅದೇನೆಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಓದುವವರು ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಬಿಡಲು ಮನಸ್ಸಾಗದವರು ಮುತ್ಯಾ ಒಬ್ಬರೇ. ಅದು ಸೆಲಿ ಎಂದು ಅವರು ತಿಳಿದರು. ಬಾವಿಯ ತಳದಲ್ಲಿ ನೀರು ಒಡೆದು ಬರುವ ಕಣ್ಣಿಗೆ ನಮ್ಮ ಕಡೆ ಸೆಲಿ ಎನ್ನುತ್ತಾರಲ್ಲ, ಅದೇ. ಪುಸ್ತಕದವರು ಸೆಲೆ ಎಂದು ಬರೆಯುತ್ತಾರೆ, ಹಳೆಯ ಕಾಲದವರು ಸೆಲಾ ಎಂದು ಬರೆದಿರಬೇಕು ಎಂದು ಅವರ ಲೆಕ್ಕ. ಬಾವಿ ತೋಡುವಾಗ ತಳದ ಮಣ್ಣು ತಣ್ಣಗಾಯಿತೆಂದರೆ ಹಾರೆ ನಿಲ್ಲಿಸುತ್ತಾರೆ. ಮೇಲಿದ್ದವರು, ಕೆಳಗಿದ್ದವರು ಯಾರೂ ಮಾತಾಡುವುದಿಲ್ಲ. ಯಾವ ಮಗ್ಗಲಿನಿಂದ ನೀರು ಬರುತ್ತಿದೆ ಎಂದು ಕಿವಿ ಕೊಟ್ಟು ಕೇಳುತ್ತಾರೆ.

“ಸೆಲಾ ಬಂತಂದ್ರ ಹಾಡು ನಿಲ್ಲಸ್ರಿ,” ಎಂದು ಅವರು ಚರ್ಚಿನಲ್ಲಿ ಹೇಳಿದರು. “ಕೆಳಗ ನೀರು ಬಂದದ. ಕಣ್ಣು ಮುಚ್ಚಿ ಸುಮ್ಮ ಕೇಳ್ರಿ.”

ಅಂದಿನಿಂದ ನಮ್ಮಲ್ಲಿ ಅದು ರೂಢಿಯಾಯಿತು. ಸೆಲಾ ಬಂದರೆ ತಬಲಾ ನಿಲ್ಲುವುದು, ತಾಳ ನಿಲ್ಲುವುದು. ಹತ್ತು ಎಣಿಸುವಷ್ಟು ಹೊತ್ತು ತಲೆ ಬಗ್ಗಿಸಿ ಕಣ್ಣು ಮುಚ್ಚಿ ಎಲ್ಲರೂ ಸುಮ್ಮನೆ ಕೂರುವುದು. ಆಮೇಲೆ ಅವರು ಮುಂದಿನ ಸಾಲು ಎತ್ತುವುದು. ಹೀಗೆ ಇಪ್ಪತ್ತಾರು ವರ್ಷ ನಡೆಯಿತು.

ಆಮೇಲೆ ಹೊಸ ಪಾಸ್ಟರ್ ಬಂದರು. ವಯಸ್ಸಿನಲ್ಲಿ ಸಣ್ಣವರು, ಓದಿದವರು, ಕೆಟ್ಟವರಲ್ಲ. ಒಂದು ಭಾನುವಾರ ಎಲ್ಲರ ಎದುರು, ಅದು ಯೆಹೂದ್ಯರ ಇಬ್ರಿಯ ಭಾಷೆಯ ಮಾತು, ನಮ್ಮ ಬಾವಿಯ ಸೆಲೆಗೂ ಅದಕ್ಕೂ ಸಂಬಂಧವಿಲ್ಲ, ದೇವರ ವಾಕ್ಯಕ್ಕೆ ಹೀಗೆ ಮನಸ್ಸಿಗೆ ತೋಚಿದ ಅರ್ಥ ಹಚ್ಚುವುದು ತಪ್ಪು, ಇವತ್ತಿನಿಂದ ನಿಲ್ಲಿಸದೆ ಹಾಡೋಣ ಎಂದರು. ನಗುತ್ತಲೇ ಹೇಳಿದರು. ಹಿಂದೆ ಕೂತ ಹುಡುಗರು ನಾಲ್ಕಾರು ಜನ ನಕ್ಕರು. ಮುತ್ಯಾ ಹಾರ್ಮೋನಿಯಂ ಮುಚ್ಚಿ ಅದರ ಮೇಲೆ ಬಟ್ಟೆ ಹಾಕಿದರು. ಮುಂದಿನ ವಾರದಿಂದ ಬಾಗಿಲ ಹತ್ತಿರ ಕೂರತೊಡಗಿದರು. ಮನೆಯಲ್ಲೂ ಹಾಡಲಿಲ್ಲ.

ಅದರ ಮುಂದಿನ ಬೇಸಿಗೆಯಲ್ಲಿ ಕಾಮಾಲೆಯಾಗಿ ಮಲಗಿದರು. ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಮಲಗಿದ್ದವರು ನನ್ನನ್ನು ಕರೆದರು.

“ನಾ ಇಷ್ಟು ವರ್ಷ ಮಂದಿ ಕಡೆಯಿಂದ ತಪ್ಪು ಹಾಡಸೀನೇನ?”

ನಾನು ದೋರನಹಳ್ಳಿ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ನನಗೇನು ತಿಳಿಯಬೇಕು. ನೀರು ತರಲೇನ್ರಿ ಎಂದೆ. ಅವರು ಕೇಳಿದ್ದು ನೀರಲ್ಲ. ಒಂಬತ್ತು ದಿನಕ್ಕೆ ಹೋಗಿಬಿಟ್ಟರು. ಆ ಪ್ರಶ್ನೆ ನನ್ನ ಹತ್ತಿರ ಉಳಿಯಿತು.

ಎರಡು ವರ್ಷದ ಮೇಲೆ ಕಲಬುರಗಿಯ ಕಡೆಯ ಚರ್ಚಿನವರು ಪವಿತ್ರ ನಾಡಿಗೆ ಹೊರಟಾಗ, ಯಾದಗಿರಿಯಲ್ಲಿ ಟೀಚರಾಗಿ ನಿವೃತ್ತಳಾಗಿದ್ದ ಶಾಂತಾ ತನ್ನ ಹೆಸರಿನ ಜೊತೆ ನನ್ನದನ್ನೂ ಬರೆಸಿದಳು. ದಾವೀದನ ಊರಿನಲ್ಲಿ ದಾವೀದನ ಜನ ಇರುತ್ತಾರೆ, ಅವರನ್ನೇ ಕೇಳಿದರಾಯಿತು ಎಂದು ನಾನು ಒಪ್ಪಿದೆ. ಶಾಂತಾಳಿಗೆ ಇದನ್ನು ಹೇಳಲಿಲ್ಲ. ಆ ಭಾನುವಾರ ಅವಳೂ ನಮ್ಮ ಚರ್ಚಿಗೆ ಬಂದಿದ್ದಳು, ಪಾಸ್ಟರ್ ಹೇಳಿದ್ದೇ ಸರಿ ಎಂದು ತಾನು ಮಾಮಾ ಎಂದು ಕರೆಯುವ ನಿಮ್ಮ ಮುತ್ಯಾನ ಎದುರೇ ಅಂದಿದ್ದಳು.

ಮುಂಬೈ

ವಿಮಾನ ಹತ್ತುವ ಮುಂಚೆ ತಪಾಸಣೆಯ ಒಬ್ಬ ಹುಡುಗಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದಳು: ನಿಮ್ಮ ಪೆಟ್ಟಿಗೆ ಕಟ್ಟಿದವರು ಯಾರು? ಎಲ್ಲರೂ ನಾನೇ ಎಂದು ಹೇಳಿ ಹೋದರು. ಶಾಂತಾ ನನಗೆ ಕನ್ನಡದಲ್ಲಿ ತಿಳಿಸಿದಾಗ ನಾನು ಇದ್ದದ್ದು ಇದ್ದಹಾಗೆ ಹೇಳಿದೆ. ಸೀರೆ ಮಡಚಿದವಳು ಸೊಸೆ, ಜೋಳದ ಒಣ ಖಟಿ ರೊಟ್ಟಿ ಕಟ್ಟಿದವಳು ಮಗ್ಗಲ ಮನೆಯ ಹಸೀನಾಬಿ, ಪೆಟ್ಟಿಗೆಯ ಮೇಲೆ ಕೂತು ಮುಚ್ಚಳ ಹಾಕಿದವನು ಅವಳ ಗಂಡ.

“ಅಕ್ಕಾ, ಓಣಿ ಮಂದಿ ಹೆಸರೆಲ್ಲ ಹೇಳಬ್ಯಾಡ,” ಎಂದಳು ಶಾಂತಾ. “ನಾನಽ ಕಟ್ಟೀನಿ ಅನ್ನು.”

“ನಾ ಕಟ್ಟಿಲ್ಲಲ್ಲ,” ಎಂದೆ.

ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿದರು. ಶೇಂಗಾ ಹಿಂಡಿಯ ಖಾರದ ಪುಡಿಯ ಡಬ್ಬಿ ತೆರೆದ ಹುಡುಗನಿಗೆ ಎಂಟು ಸೀನು ಬಂದವು. ರೊಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಒಂದು ತಾಸು ನಮ್ಮ ಗುಂಪೆಲ್ಲ ನನಗಾಗಿ ಕಾಯಿತು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ಆಮೇಲೆ ಪ್ರವಾಸ ಮುಗಿಯುವವರೆಗೆ ಶಾಂತಾ ಯಾರ ಎದುರೂ ನನಗೆ ಮಾತಾಡಲು ಬಿಡಲಿಲ್ಲ. ನನಗೂ ಅದೇ ಬೇಕಾಗಿತ್ತು. ಆದರೆ ನಾನು ಹೋಗುತ್ತಿದ್ದುದೇ ಕೇಳಲಿಕ್ಕೆ. ಬಾಯೇ ತೆರೆಯದವಳು ಹೇಗೆ ಕೇಳಲಿ ಎಂದು ವಿಮಾನದಲ್ಲಿ ಕಣ್ಣು ಮುಚ್ಚಲಿಲ್ಲ.

ಎಣ್ಣೆಮರಗಳ ಗುಡ್ಡ

ಆ ನಾಡು ನೋಡಿದರೆ ಸುರಪುರದ ಕಡೆಯ ಗುಡ್ಡಗಳಂತೆಯೇ ಕಲ್ಲು, ಬಿಸಿಲು. ಆದರೆ ಕಲ್ಲಿನ ನಡುವೆ ಆಲಿವ್ ಎಣ್ಣೆಯ ಗಿಡಗಳು ಹಸಿರಾಗಿದ್ದವು. ಪ್ರತಿ ಗಿಡದ ಬುಡಕ್ಕೂ ಒಂದು ಕರಿ ಪೈಪು, ಅದರಿಂದ ತೊಟ್ಟು ತೊಟ್ಟಾಗಿ ನೀರು. ನಾನು ಒಂದು ಗಿಡದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಲೇ ಇದ್ದೆ. ಗೇಟು ಎತ್ತಿದರೆ ಹೊಲ ತುಂಬಿ ದಾರಿಗೆ ಹರಿಯುವ ನೀರನ್ನು ಜನ್ಮವೆಲ್ಲ ಕಂಡ ನಿಮ್ಮ ಮುತ್ಯಾ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ. ಪಕ್ಕಕ್ಕೆ ತಿರುಗಿ ಇಲ್ಲಿ ನೋಡ್ರಿ ಎನ್ನಲು ಹೋದೆ. ಪಕ್ಕದಲ್ಲಿ ಕಲಬುರಗಿಯ ಒಬ್ಬ ಹೆಡ್‌ಮಾಸ್ತರು ನಿಂತಿದ್ದರು.

ಆ ಗುಡ್ಡದಲ್ಲಿ ನಮ್ಮ ಗೈಡು ಒಂದು ಸಂಗತಿ ಹೇಳಿದ. ಯೇಸುಸ್ವಾಮಿ ಶಿಷ್ಯರ ಜೊತೆ ಕೊನೆಯ ಊಟ ಮಾಡಿ ಹಾಡು ಹೇಳಿಕೊಂಡೇ ಈ ಗುಡ್ಡಕ್ಕೆ ಬಂದರಂತೆ. ಆಗ ನಮ್ಮ ಹಾಡಿನ ಪುಸ್ತಕ ಎಲ್ಲಿತ್ತು, ಚರ್ಚಾದರೂ ಎಲ್ಲಿತ್ತು? ಅವರು ಹಾಡಿದ್ದು ಯೆಹೂದ್ಯರು ಹಬ್ಬದೂಟಕ್ಕೆ ಮನೆಮನೆಯಲ್ಲಿ ಹಾಡುವ ಕೀರ್ತನೆಗಳನ್ನೇ. ಶಿಷ್ಯರು ಮುಂದೆ ಸಭೆ ಕೂಡಿಸಿದಾಗಲೂ ಅವನ್ನೇ ಹಾಡಿದರು, ಹೊಸ ಹಾಡನ್ನೂ ಅದೇ ಅಚ್ಚಿನಲ್ಲಿ ಕಟ್ಟಿದರು. ಶಾಂತಾ ಇದನ್ನು ಕನ್ನಡದಲ್ಲಿ ಹೇಳಿದಾಗ ನನಗೆ ಯೇಸುವಿನ ತಾಯಿ ಮರಿಯಮ್ಮನ ಹಾಡು ನೆನಪಾಯಿತು. ಹೆಂಗಸರ ಕೂಟದಲ್ಲಿ ಅದನ್ನೂ, ಅವಳಿಗಿಂತ ಎಷ್ಟೋ ಹಿಂದಿನ ಯೆಹೂದ್ಯ ತಾಯಿ ಹನ್ನಳ ಹಾಡನ್ನೂ ನಾವು ಬಾಯಿಪಾಠ ಮಾಡುತ್ತಿದ್ದೆವು. ಎರಡೂ ಕಲೆತು ಒಂದರ ಸಾಲು ಇನ್ನೊಂದರಲ್ಲಿ ಬಂದುಬಿಡುತ್ತಿತ್ತು. ನಮ್ಮ ದಡ್ಡತನ ಎಂದು ನಾಚುತ್ತಿದ್ದೆವು. ದಡ್ಡತನವಲ್ಲ, ಬೀಸುವಾಗ ತಾಯಿ ಹೇಳಿದ ಹಾಡಿನ ಮೇಲೆ ಮಗಳು ತನ್ನ ಮಾತು ಕಟ್ಟುವುದಿಲ್ಲವೇ, ಹಾಗೆ ಅದು.

ಗೈಡು ಒಬ್ಬನೇ ನಿಂತಾಗ ಎದೆ ಗಟ್ಟಿ ಮಾಡಿ ಹತ್ತಿರ ಹೋದೆ. ಇಂಗ್ಲಿಷು ನನಗೆ ಬಾರದು. ಶಬ್ದವನ್ನಷ್ಟೇ ಹೇಳಿದೆ: “ಸೆಲಾ?”

ಅವನ ಮುಖ ಅರಳಿತು. ಸೇಲ್, ಸೇಲ್ ಎಂದು ನನ್ನ ಕೈ ಹಿಡಿದು ಎದುರಿನ ಅಂಗಡಿಗೆ ಕರೆದುಕೊಂಡು ಹೋದ. ಮರದ ಒಂಟೆಗಳು, ಮರದ ಶಿಲುಬೆಗಳು. ಎಲ್ಲದಕ್ಕೂ ಬೆಲೆ ಇಳಿಸಿದ ಚೀಟಿ ಅಂಟಿಸಿದ್ದರು.

ಶಾಂತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಬಂದು ಮೂರು ದಿನಾ ಆತು, ಒಂದು ಮಾತಾಡಿಲ್ಲ. ಬಾಯಿ ಬಿಟ್ಟದ್ದು ಸೇಲ್ ಎಲ್ಲೈತಿ ಅಂತ ಕೇಳಾಕ.”

ನಾನು ಒಂದು ಮರದ ಒಂಟೆ ತೆಗೆದುಕೊಂಡು ಹೊರಗೆ ಬಂದೆ. ನಿಮ್ಮ ಟೀವಿಯ ಮೇಲೆ ಇರುವುದು ಅದೇ.

ಶುಕ್ರವಾರದ ಸಂತೆ

ಯೆರೂಸಲೇಮಿನಲ್ಲಿ ಶುಕ್ರವಾರ ಮಧ್ಯಾಹ್ನ ಊರಿಗೆ ಊರೇ ಓಡುತ್ತಿರುತ್ತದೆ. ಹೊತ್ತು ಮುಳುಗಿದರೆ ಅವರ ಸಬ್ಬತ್ತು, ಕೆಲಸ ಬಿಡುವ ದಿನ. ಆಮೇಲೆ ಒಲೆ ಹಚ್ಚುವಂತಿಲ್ಲ, ಬಸ್ಸಿಲ್ಲ, ಅಂಗಡಿಯಿಲ್ಲ. ನಮ್ಮ ಹೋಟೆಲಿನ ಒಂದು ಲಿಫ್ಟು ಆ ದಿನ ಮಧ್ಯಾಹ್ನದಿಂದಲೇ ಗುಂಡಿ ಒತ್ತದೆಯೇ ಪ್ರತಿ ಅಂತಸ್ತಿಗೂ ತಾನೇ ನಿಂತು ತಾನೇ ಹೋಗುತ್ತದೆ, ಗುಂಡಿ ಒತ್ತುವುದೂ ಕೆಲಸವಂತೆ. ಶಾಂತಾ ಅದು ಕೆಟ್ಟಿದೆ ಎಂದು ತಿಳಿದು ಏಳು ಅಂತಸ್ತು ಮೆಟ್ಟಿಲು ಇಳಿದು ಮೊಣಕಾಲು ಹಿಡಿಸಿಕೊಂಡಳು. ಅವಳು ಕೋಣೆಯಲ್ಲಿ ಮಲಗಿದಳು. ಅವಳಿಗೆ ನಿಂಬೆಹಣ್ಣು ತರಲು ನಾನು ಹತ್ತಿರದ ಸಂತೆಗೆ ಒಬ್ಬಳೇ ಹೋದೆ.

ತರಕಾರಿಯ ಗಾಡಿಯ ಮುಂದೆ ಒಬ್ಬ ಮುದುಕಿ ಬೆಂಡೆಕಾಯಿ ಆರಿಸುತ್ತಿದ್ದಳು. ಲಂಗದಂಥ ಉದ್ದ ಪರಕಾರ, ತಲೆಗೆ ವಸ್ತ್ರ, ನೋಡಲು ಆ ಊರಿನವಳೇ. ಆದರೆ ಒಂದೊಂದೇ ಬೆಂಡೆಕಾಯಿಯ ತುದಿ ಚಟ್ಟನೆ ಮುರಿದು ನೋಡುತ್ತಿದ್ದಳು. ಗಾಡಿಯವನು ಬೈಯುತ್ತಿದ್ದ, ಅವಳು ಮುರಿಯುತ್ತಲೇ ಇದ್ದಳು. ಶಹಾಪುರದ ಸಂತೆಯ ನೆನಪಾಗಿ ನನಗೆ ನಗು ಬಂತು. ಅವಳು ತಿರುಗಿ ನನ್ನ ಸೀರೆ ನೋಡಿ, ಎಲ್ಲಿಯವಳು ನೀನು ಎಂದು ಹಿಂದಿಯಲ್ಲಿ ಕೇಳಿದಳು.

ಅವಳ ಹೆಸರು ಸಾರಾಬಾಯಿ. ಯೆಹೂದ್ಯಳು. ಹುಟ್ಟಿದ್ದು ಕೊಂಕಣದ ಹಳ್ಳಿಯಲ್ಲಿ, ಬೆಳೆದದ್ದು ಮುಂಬೈಯಲ್ಲಿ. ಅವಳ ಹಿರಿಯರು ಗಾಣದ ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರಿನವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರಂತೆ. ಅವಳದು ಮುಂಬೈ ಹಿಂದಿ. ನನ್ನದು ಹಸೀನಾಬಿಯ ಅಂಗಳದಲ್ಲಿ ಮೂವತ್ತು ವರ್ಷ ಕೇಳಿ ಕಲಿತ ಉರ್ದು. ಎರಡೂ ಕೂಡಿ ಕೆಲಸ ಸಾಗಿತು. ಸಂಜೆ ನಮ್ಮ ಸಭಾಮಂದಿರಕ್ಕೆ ಬಾ, ಇಲ್ಲೇ ಎರಡು ಓಣಿ ದಾಟಿದರೆ ಇದೆ, ಕೀರ್ತನೆ ಹಾಡುತ್ತೇವೆ ಎಂದಳು. ಅವಳು ಕೀರ್ತನೆ ಎಂದಾಗ ನನ್ನ ಕೈಯಿಂದ ನಿಂಬೆಹಣ್ಣು ಉರುಳಿ ಹೋದವು.

ಪರದೆಯ ಹಿಂದೆ

ಹೊತ್ತು ಇಳಿಯುವಾಗ ಅವಳೇ ಬಂದು ಕರೆದುಕೊಂಡು ಹೋದಳು, ನಿದ್ದೆ ಹತ್ತಿದ್ದ ಶಾಂತಾಳನ್ನು ನಾನು ಎಬ್ಬಿಸಲಿಲ್ಲ. ಒಳಗೆ ವಾಕ್ಯದ ಸುರುಳಿ ಇಟ್ಟು ಬಾಗಿಲ ಚೌಕಟ್ಟಿಗೆ ಬಡಿದ ಸಣ್ಣ ಕೊಳವೆಯನ್ನು ಮುಟ್ಟಿ ಆ ಬೆರಳಿಗೆ ಮುತ್ತಿಟ್ಟು ಒಳಗೆ ಹೋದಳು. ನಾನು ರೂಢಿಯಂತೆ ಚಪ್ಪಲಿ ಹೊರಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಒಬ್ಬಾಕೆ, ಯಾರೋ ಪಾಪ ಕಳೆದುಕೊಂಡಿದ್ದಾರೆ ಎಂದು ಅವನ್ನು ಎತ್ತಿಕೊಂಡು ಸಾಲಿನಲ್ಲಿ ಎಲ್ಲರಿಗೂ ತೋರಿಸುತ್ತ ಬಂದಳು. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ. ತಲೆ ತಗ್ಗಿಸಿ ಹಾಕಿಕೊಂಡೆ.

ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಪರದೆ. ನಮ್ಮಲ್ಲಿ ಪರದೆಯಿಲ್ಲ, ಚಾಪೆಗಳ ನಡುವೆ ದಾರಿಯಷ್ಟೇ ಇದೆ. ಆಚೆಯಿಂದ ಒಬ್ಬ ಮುದುಕನ ದನಿ ಎದ್ದಿತು. ಮಾತು ಒಂದೂ ತಿಳಿಯಲಿಲ್ಲ. ಆದರೆ ಅವನು ಅರ್ಧ ಎತ್ತಿ ಬಿಡುತ್ತಿದ್ದ, ಉಳಿದರ್ಧವನ್ನು ಜನ ಮುಗಿಸುತ್ತಿದ್ದರು. ಆಮೆನ್ ಎಂದರು, ಅದೂ ನಮ್ಮ ಆಮೆನ್ನೇ. ಹಲ್ಲೆಲೂಯಾ ಎಂದರು. ಈ ಮಾತುಗಳೆಲ್ಲ ನಮ್ಮ ಚರ್ಚಿನವು ಎಂದು ನಾನು ತಿಳಿದಿದ್ದೆ. ನಾವು ಇವರ ಮನೆಯಿಂದ ಕಡ ತಂದದ್ದು ಅವು. ತಂದವರು ಎಂದೋ ತಂದರು, ಹಿಂದಕ್ಕೆ ಕೊಡುವುದನ್ನು ಮರೆತೆವು.

ಆಮೇಲೆ ಬಂತು, ಹಾಡಿನ ನಡುವೆ ತೆಳ್ಳಗೆ, ಸ್ಪಷ್ಟವಾಗಿ: ಸೆಲಾ. ನನ್ನ ಕಣ್ಣು ತಾವೇ ಪರದೆಯ ಕಡೆ ತಿರುಗಿದವು. ಆದರೆ ಅವರು ಯಾರೂ ನಿಲ್ಲಲಿಲ್ಲ. ಆ ಶಬ್ದವನ್ನು ಉಳಿದವುಗಳಂತೆಯೇ ಹಾಡಿ ಮುಂದೆ ಹೋದರು. ಇನ್ನೊಮ್ಮೆ ಬಂದಾಗಲೂ ಅಷ್ಟೇ. ಪಾಸ್ಟರ್ ಹೇಳಿದ್ದೇ ನಿಜವಾಯಿತಲ್ಲ ಎನ್ನಿಸಿತು. ಬೇವಿನ ಗಿಡದ ಕೆಳಗೆ ಮಲಗಿದವರಿಗೆ ನಾನು ಉತ್ತರ ತರಲು ಬಂದು, ಈ ಉತ್ತರ ಒಯ್ಯಬೇಕಾಯಿತಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಕೂತೆ.

ಪ್ರಾರ್ಥನೆ ಮುಗಿದ ಮೇಲೆ ಜನ ಒಬ್ಬರಿಗೊಬ್ಬರು ಹಬ್ಬದ ಮಾತು ಹೇಳುತ್ತ ಹೊರಗೆ ಹೋದರು. ಸಾರಾಬಾಯಿ ನನ್ನ ಕಣ್ಣು ನೋಡಿ ಅಲ್ಲೇ ಬೆಂಚಿನ ಮೇಲೆ ಕೂತಳು. ಶಾಂತಾ ಇರಲಿಲ್ಲ. ಕೇಳುವವಳು ನಾನೊಬ್ಬಳೇ. ನನ್ನ ಜೀವಮಾನದಲ್ಲಿ ಪರಸ್ಥಳದವರನ್ನು ನಾನಾಗಿ ಕೇಳಿದ ಮೊದಲ ಪ್ರಶ್ನೆ ಅದು: ಸೆಲಾ ಎಂದರೆ ಏನು? ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ನಮಗೂ ಗೊತ್ತಿಲ್ಲ ತಂಗಿ.”

ನಾನು ಅವಳ ಮುಖ ನೋಡಿದೆ.

“ಖರೇನ. ನಮ್ಮಜ್ಜ ‘ಎಂದೆಂದಿಗೂ’ ಅಂತ ಅದರ ಅರ್ಥ ಅಂತಿದ್ದ. ಈ ಹಾಡ ಹೇಳೋ ಮುದುಕಪ್ಪ ಅದು ಬಾರಿಸೋರಿಗೆ ಕೊಡೋ ಗುರುತು ಅಂತಾನ. ದನಿ ಏರಸ್ರಿ ಅಂತ ಇರಬೇಕು, ಇಲ್ಲಾ ನಿಲ್ಲಸ್ರಿ ಅಂತ ಇರಬೇಕು. ಎರಡು ಸಾವಿರ ವರ್ಷದ ಹಿಂದ ಇಲ್ಲಿನ ದೇವಾಲಯ ಬಿದ್ದ ದಿನಾ ಬಾರಿಸೋರೂ ಹೋದರು, ಗುರುತೂ ಹೋತು. ನಾವು ಶಬ್ದ ಅಷ್ಟ ಹಿಡಕೊಂಡು ಕುಂತೀವಿ.”

ಹಾಗಾದರೆ ಅಲ್ಲಿ ಹಾಡು ನಿಲ್ಲಿಸಿದವರದು ತಪ್ಪೇನೂ ಅಲ್ಲವೇ ಎಂದು ಕೇಳಿದೆ.

“ತಪ್ಪು ಅನ್ನಾಕ ಯಾರಿಗೆ ಗೊತ್ತದ?” ಎಂದಳು. “ನಿಲ್ಲಿಸಿದವರು ಯಾರು?”

ಆಗ ಎಲ್ಲ ಹೇಳಿದೆ. ಬಾವಿ, ಹಾರೆ, ಸೆಲಿ, ತಗಡಿನ ಚರ್ಚು. ಬಾವಿಯ ಮಾತಿಗೆ ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅಷ್ಟು ಹೊತ್ತು ಸುಮ್ಮನೆ ಕೂತಾಗ ನಿನಗೆ ಏನು ಕೇಳುತ್ತಿತ್ತು ಎಂದಳು.

ಕನ್ನಡದಲ್ಲಿ ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಬೇರೆ ಭಾಷೆಯಲ್ಲಿ ನಾಚಿಕೆ ಸ್ವಲ್ಪ ಕಡಿಮೆಯಾಗುತ್ತದೆ. ನಮ್ಮದು ಎರಡು ಕೋಣೆಯ ಕ್ವಾರ್ಟರ್ಸು. ಅತ್ತೆ, ಇಬ್ಬರು ಮೈದುನರು, ಅವರ ಹೆಂಡಂದಿರು, ಮಕ್ಕಳು. ಹಗಲು ಹಿರಿಯರ ಎದುರು ನಿಮ್ಮ ಮುತ್ಯಾ ನನ್ನನ್ನು ಹೆಸರು ಹಿಡಿದು ಕರೆದವರಲ್ಲ, ನಾನು ಅವರ ಮುಖ ನೋಡಿ ಮಾತಾಡಿದವಳಲ್ಲ. ಚರ್ಚಿನಲ್ಲಿ ಸೆಲಾ ಬಂದಾಗ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಅವರು ಹಾರ್ಮೋನಿಯಂನಿಂದ ತಲೆ ಎತ್ತಿ ಹೆಂಗಸರ ಕಡೆ ನೋಡುತ್ತಿದ್ದರು. ನಾನೂ ಕಣ್ಣು ತೆರೆದಿರುತ್ತಿದ್ದೆ. ಹತ್ತು ಎಣಿಸುವಷ್ಟು ಹೊತ್ತು. ಎಲ್ಲರೂ ಕೆಳಗಿನ ನೀರಿಗೆ ಕಿವಿ ಕೊಟ್ಟಿರುತ್ತಿದ್ದರು. ದೇವರು ಕ್ಷಮಿಸಲಿ, ನಾನು ಕೊಟ್ಟಿರಲಿಲ್ಲ.

ಸಾರಾಬಾಯಿ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

“ದಾವೀದನೂ ಹೆಣ್ಣಿಗೆ ಮನಸೋತವನ, ಅದಕ್ಕ ಸಿಟ್ಟಾಗೋ ಪೈಕಿ ಅಲ್ಲ ಬಿಡು,” ಎಂದಳು.

ಹೋಟೆಲಿನ ಬಾಗಿಲವರೆಗೆ ನಡೆದು ಬಂದು ಬಿಟ್ಟುಹೋದಳು. ಊರೆಲ್ಲ ಸುಮ್ಮನಿತ್ತು. ಕಿಟಕಿಗಳಲ್ಲಿ ಮೇಣದ ಬತ್ತಿ ಉರಿಯುತ್ತಿದ್ದವು, ಒಳಗಿನಿಂದ ಊಟದ ವಾಸನೆ, ಹಾಡು. ಸಾರಾಬಾಯಿಯ ಗಂಡನೂ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಪ್ರತಿ ಶುಕ್ರವಾರ ಅವನ ತಟ್ಟೆಯನ್ನೂ ಹಾಕಿಬಿಡುತ್ತೇನೆ, ಆಮೇಲೆ ತೆಗೆಯುತ್ತೇನೆ ಎಂದಳು. ಕೋಣೆಗೆ ಹೋದರೆ ಶಾಂತಾ ಗಾಬರಿಯಾಗಿ ಅಳುತ್ತ ಕೂತಿದ್ದಳು. ಎಲ್ಲವನ್ನೂ ಅವಳಿಗೆ ಹೇಳಲಿಲ್ಲ, ಸೆಲಾದ ಅರ್ಥ ಯೆಹೂದ್ಯರಿಗೂ ಗೊತ್ತಿಲ್ಲವಂತೆ ಎಂದಷ್ಟೇ ಹೇಳಿದೆ. ಅವಳು ಕಣ್ಣೊರೆಸಿಕೊಂಡು, “ಮಾಮಾಗ ನಾ ಅಂದದ್ದು ನಿನ್ನ ಮನಸ್ಸಿನ್ಯಾಗ ಅದ ಏನಕ್ಕಾ?” ಎಂದಳು. ಮೊಣಕಾಲಿಗೆ ಎಣ್ಣೆ ಹಚ್ಚಲೇನು ಎಂದೆ.

ಮತ್ತೆ ಕ್ಯಾಂಪು

ಬಂದ ಮರುದಿನ ನಾನೇ ಪಾಸ್ಟರ ಮನೆಗೆ ಹೋದೆ. ಅವರು ಅಂಗಳದಲ್ಲಿ ಸೈಕಲ್ಲಿನ ಚೈನು ಕೂಡಿಸುತ್ತಿದ್ದರು. ಎದ್ದು ಕುರ್ಚಿ ಹಾಕಿದರು. ನಾನು ಕೂರಲಿಲ್ಲ. ಸಾರಾಬಾಯಿ ಹೇಳಿದ್ದನ್ನು ನಿಂತೇ ಹೇಳಿ ಮುಗಿಸಿದೆ. ಅವರು ಕೈಯ ಎಣ್ಣೆ ಒರೆಸುವುದನ್ನೂ ಮರೆತು ಕೇಳಿದರು. ನಿಲ್ಲಿಸಬೇಕು ಎನ್ನುವವರೂ ಇದ್ದಾರೆಂದು ತಾವೂ ಓದಿದ್ದಾಗಿ, ಅಂದು ಅದನ್ನು ಹೇಳಬೇಕಾಗಿತ್ತು, ಹೇಳಲಿಲ್ಲ ಎಂದು ಒಪ್ಪಿಕೊಂಡರು.

ಆ ಭಾನುವಾರ ಉಪದೇಶಕ್ಕೆ ಮುಂಚೆ ನಿಮ್ಮ ಮುತ್ಯಾನ ಹೆಸರು ಹೇಳಿ, ಆ ಹಿರಿಯರು ತಪ್ಪು ಹಾಡಿಸಿರಲಿಲ್ಲ, ತಪ್ಪಿದವನು ನಾನು ಎಂದು ಎಲ್ಲರ ಎದುರು ಹೇಳಿದರು. ನಾನು ನೆಲ ನೋಡುತ್ತ ಕೂತಿದ್ದೆ. ನಿಮ್ಮ ಮುತ್ಯಾನಿಗೆ ಇದು ಕೇಳಿಸಿರಬೇಕು ಎಂದು ನಂಬಿದ್ದೇನೆ. ನಂಬುವುದು ಬೇರೆ, ಅವರ ಮುಖದಲ್ಲಿ ಅದನ್ನು ನೋಡುವುದು ಬೇರೆ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ನನ್ನ ಹತ್ತಿರ ಬಂದರು.

“ಅಮ್ಮಾ, ಬರೋ ವಾರದಿಂದ ಮೊದಲಿನ ಹಾಂಗ ಸೆಲಾಕ್ಕ ನಿಲ್ಲಸೋಣೇನ್ರಿ?”

“ಬ್ಯಾಡ್ರಿ,” ಎಂದೆ. “ನಿಲ್ಲಸಬ್ಯಾಡ್ರಿ. ಹಾಡಕೋತ ಹೋಗ್ರಿ.”

ಅವರಿಗೆ ತಿಳಿಯಲಿಲ್ಲ. ಇದಕ್ಕಾಗಿಯೇ ಅಷ್ಟು ದೂರ ಹೋಗಿ ಬಂದವಳು ಹೀಗೇಕೆ ಎನ್ನುತ್ತಾಳೆ ಎಂದು ನೋಡುತ್ತ ನಿಂತರು. ನಾನು ಕಾರಣ ಹೇಳದೆ ಮನೆಗೆ ಬಂದೆ. ನಿಮಗೆ ಹೇಳುತ್ತೇನೆ. ಹಾಡು ನಿಂತರೆ ನಾನು ಹಾರ್ಮೋನಿಯಂ ಕಡೆ ನೋಡಿಬಿಡುತ್ತೇನೆ.